ಎಡಗಾಲಿನ ಕಾಲುಚೀಲ

ಒಬ್ಬ ಮನುಷ್ಯನ ಐವತ್ತೆಂಟು ವರ್ಷದ ಬಾಳಿನಲ್ಲಿ ನಿರ್ಣಾಯಕ ಎನ್ನಬಹುದಾದ ಘಟನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ಅವನ ಎಡಗಾಲಿನ ಕಾಲುಚೀಲದ ಹೆಬ್ಬೆರಳಿನ ಜಾಗದಲ್ಲಿ ನಡೆಯಬಹುದು ಎಂದರೆ ಯಾರೂ ನಂಬುವುದಿಲ್ಲ. ಆದರೆ ನಡೆದದ್ದು ಅಲ್ಲೇ. ಹೋದ ಭಾನುವಾರ ಮಧ್ಯಾಹ್ನ ಆ ಕಾಲುಚೀಲದಲ್ಲಿ ಕಡಲೆಕಾಳಿನಷ್ಟು ತೂತು ಬಿದ್ದಿತ್ತು. ಅವನು ಅದನ್ನು ಹತ್ತು ನಿಮಿಷದಲ್ಲಿ ಮುಚ್ಚಿದ. ಸೋಮವಾರ ಬೆಳಿಗ್ಗೆ ಅದನ್ನು ಹಾಕಿಕೊಳ್ಳುವಾಗ ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು, ಹೇಳದೆ, ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಹೋದಳು. ಹಾಲು ಉಕ್ಕುತ್ತಿರಲಿಲ್ಲ. ಒಲೆಯ ಮೇಲೆ ಹಾಲೇ ಇರಲಿಲ್ಲ. ಆ ದಿನ ಸಂಜೆ ಪಕ್ಕದ ಅಂಗಡಿಯ ಬೀಗದ ಕೀಲಿ ಮಾಡುವವನು, ಇವನು ಬೂಟು ಕಳಚಿ ಕಾಲು ಚಾಚಿ ಕೂತಿದ್ದಾಗ, "ಏನಣ್ಣಾ, ನೀಲಿ ಕಾಲುಚೀಲಕ್ಕೆ ಹಸಿರು ಚುಕ್ಕೆ ಇಟ್ಟಿದ್ದೀರಿ, ಹೊಸ ಫ್ಯಾಷನ್ನಾ?" ಎಂದು ಕೇಳಿದ. "ಹೌದು, ನಿನ್ನಂಥವರಿಗೆ ಅರ್ಥವಾಗಲ್ಲ ಬಿಡು" ಎಂದು ಇವನು ನಕ್ಕ. ನಕ್ಕಿದ್ದು ಸರಿಯಾಗಿಯೇ ಇತ್ತು. ಆದರೆ ತಟ್ಟನೆ ಕಾಲನ್ನು ಬೂಟಿನೊಳಗೆ ತೂರಿಸಿಕೊಂಡ, ಯಾಕೆಂದರೆ ಅವನು ರಫೂ ಮಾಡುವವನು. ಹರಿದ ಬಟ್ಟೆಯ ಮಡಿಕೆಯೊಳಗಿಂದ ಅದರದೇ ಎಳೆಗಳನ್ನು ಬಿಡಿಸಿ ತಂದು, ಹರಿದ ಜಾಗದಲ್ಲಿ ಒಂದೊಂದಾಗಿ ನೇಯ್ದು, ಅಲ್ಲಿ ಏನೂ ಆಗೇ ಇರಲಿಲ್ಲ ಎನ್ನಿಸುವುದು ಅವನ ಕಸುಬು. ಸಿಗರೇಟು ಸುಟ್ಟ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿ ಸೀಳಿದ ಪ್ಯಾಂಟು, ಯಾವುದನ್ನೇ ಆದರೂ ಕೆಲಸ ಮುಗಿದ ಮೇಲೆ ಗಿರಾಕಿಯ ಮುಂದೆ ಹರಡಿ ಅವನು ಒಂದೇ ಮಾತು ಹೇಳುತ್ತಿದ್ದ: "ಹುಡುಕಿ." ಅವರು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ, ಸೋತು, ತಲೆಯಾಡಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅವನು ಕೊಚ್ಚಿಕೊಂಡದ್ದೆಲ್ಲ ಆ ಒಂದು ಶಬ್ದದಲ್ಲೇ.

ಈಗ ಅದೇ ಕಾಲುಚೀಲ ಕಾಲಲ್ಲಿತ್ತು, ಬೂಟಿನೊಳಗೆ, ಅಡಗಿಸಿಟ್ಟ ತಪ್ಪಿನ ಹಾಗೆ. ಬಸ್ಸಿನ ಸೀಟಿಗೆ ತಲೆ ಒರಗಿಸಿ ಅವನು ಕಣ್ಣು ಮುಚ್ಚಿದ್ದ. ಬೆಳಿಗ್ಗೆ ಪೇಟೆಯ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಹಾಕಿದ ಹನಿಗಳಿಂದ ಕಣ್ಣಿನ ಪಾಪೆ ಅರಳಿ, ಹೊರಗಿನ ಬೆಳಕೆಲ್ಲ ಬಾಗಿಲು ತಟ್ಟದೆ ಒಳಗೆ ನುಗ್ಗುತ್ತಿತ್ತು. ಪಕ್ಕದಲ್ಲಿ ಕಿಟಕಿಯ ಹತ್ತಿರ ಹೆಂಡತಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಟಿಕೆಟ್ಟು ಅವಳೇ ತೆಗೆದುಕೊಂಡಿದ್ದಳು. ಕಂಡಕ್ಟರು ಏನೋ ಕೇಳಿದ, ಅವಳು ಏನೋ ಹೇಳಿದಳು, ಇವನಿಗೆ ಅದೊಂದೂ ಬೇಕಿರಲಿಲ್ಲ. ಇವನ ಕಿವಿಯಲ್ಲಿ ಡಾಕ್ಟರ ಮಾತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ದನಿಯವರು, ಕೆಟ್ಟ ಸುದ್ದಿಯನ್ನೂ ತೂಗಿ ಕೊಡುವವರು. "ಕಣ್ಣಿನ ನಟ್ಟನಡುವೆ ಸವೆದಿದೆ. ಅಂಚು ಚೆನ್ನಾಗಿದೆ. ಪೂರ್ತಿ ಕುರುಡು ಆಗಲ್ಲ, ಹೆದರಬೇಡಿ, ಓಡಾಡಿಕೊಂಡಿರ್ತೀರಿ. ನೇರ ನೋಡಿದ್ದು ಮಾತ್ರ ಕಾಣಲ್ಲ. ಏನು ಕೆಲಸ ನಿಮ್ಮದು?" "ಅಂಗಡಿ" ಎಂದಿದ್ದ ಇವನು. "ಅಂಗಡಿ ಅಂದ್ರೆ ಪರವಾಗಿಲ್ಲ. ಸೂಜಿ ಗೀಜಿ ಹಿಡಿಯೋ ಸಣ್ಣ ಕೆಲಸ ಏನಿಲ್ವಲ್ಲ?" "ಇಲ್ಲ" ಎಂದಿದ್ದ. ಜೇಬಿನಲ್ಲಿದ್ದ ಸೂಜಿಯ ಡಬ್ಬಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಹಾಗೆಂದಿದ್ದ. ಹೊರಗೆ ಬೆಂಚಿನ ಮೇಲೆ ಕಾದಿದ್ದ ಹೆಂಡತಿ ಎದ್ದು ನಿಂತು ಏನಂದ್ರು ಎಂದಾಗ, ನಂಬರ್ ಸ್ವಲ್ಪ ಬದಲಾಗಿದೆಯಂತೆ ಎಂದ. ಒಂದೇ ಬೆಳಿಗ್ಗೆ ಎರಡು ಸುಳ್ಳು. ಮೂರನೆಯದು ಬಸ್ ನಿಲ್ದಾಣದಲ್ಲಿ ಕಾದಿತ್ತು. "ಯಾವುದ್ರೀ ನಮ್ಮದು?" ಎಂದು ಅವಳು ಕೇಳಿದಳು. ಅವಳಿಗೆ ಓದಲು ಬರುತ್ತಿತ್ತು, ಇವನಿಗಿಂತ ಚೆನ್ನಾಗಿಯೇ. ಆದರೂ ಮದುವೆಯಾದ ವಾರದಿಂದ ಬೋರ್ಡು ಓದುವುದು ಇವನ ಕೆಲಸ, ಹತ್ತುವುದು ಅವಳ ಕೆಲಸ ಎಂದು ಹೇಗೋ ಹಂಚಿಕೆಯಾಗಿ ಹೋಗಿತ್ತು. ಅವನು ಬೋರ್ಡಿನತ್ತ ನೋಡಿದ. ಬೋರ್ಡಿನ ನಾಲ್ಕೂ ಮೂಲೆ ಕಂಡವು, ನಡುವಿದ್ದ ಊರು ಕಾಣಲಿಲ್ಲ. ಆದರೆ ಅವನಿಗೆ ಗೊತ್ತಿತ್ತು, ತಮ್ಮ ಊರಿನ ಬಸ್ಸು ಯಾವಾಗಲೂ ನೀಲಿ. ಎದುರಿಗೆ ನಿಂತದ್ದು ನೀಲಿಯಾಗಿ ಕಂಡಿತು. "ಅದೇ" ಎಂದು ಕೈ ತೋರಿಸಿದ. "ಅದೇನಾ?" ಎಂದಳು. "ಅದೇ ಅಂದ್ನಲ್ಲ, ಹತ್ತು." ಅವಳು ಒಂದು ಗಳಿಗೆ ನಿಂತು ಹತ್ತಿದಳು.

ಎರಡು ಗಂಟೆಯ ನಂತರ ಬಸ್ಸು ನಿಂತಾಗ ಅವನಿಗೆ ಮೊದಲು ತಿಳಿದದ್ದು ಗಾಳಿಯಲ್ಲಿದ್ದ ಉಪ್ಪು. ಆಮೇಲೆ ಎಲ್ಲೆಲ್ಲೂ ಬಿಳುಪು. ಬಿಳಿ ಗೋಡೆ, ಬಿಳಿ ಛತ್ರಿ, ಬಿಳಿ ಚಡ್ಡಿಗಳು. ಇದು ತಮ್ಮ ಊರಲ್ಲ ಎಂದು ಅವನ ಮೂಗು ಕಣ್ಣಿಗಿಂತ ಮೊದಲು ಅರ್ಥಮಾಡಿಕೊಂಡಿತು. ಈಗ ಹೇಳಬೇಕು, ಬಸ್ಸು ತಪ್ಪಾಯಿತು ಎನ್ನಬೇಕು, ಆಗ ಅವಳು ಹೇಗೆ ತಪ್ಪಾಯಿತು ಎನ್ನುತ್ತಾಳೆ, ಆಗ ಕಣ್ಣು, ಆಗ ಡಾಕ್ಟರು, ಆಗ ಅಂಗಡಿ. ಒಂದು ಎಳೆ ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುವ ಹಾಗಿತ್ತು. ಅಷ್ಟರಲ್ಲಿ ಹೆಂಡತಿ ಅವನ ತೋಳಿಗೆ ಮೆತ್ತಗೆ ಗುದ್ದಿ, "ಅಯ್ಯೋ, ಸಮುದ್ರಕ್ಕೆ ಕರ್ಕೊಂಡು ಬರ್ತೀನಿ ಅಂತ ಒಂದು ಮಾತು ಹೇಳಬಾರದಿತ್ತೇನ್ರೀ? ಬೇರೆ ಚಪ್ಪಲಿ ಹಾಕ್ಕೊಂಡು ಬರ್ತಿದ್ದೆ" ಎಂದಳು. ಅವನು ಅವಳ ಮುಖ ನೋಡಿದ. ಮುಖದ ಜಾಗದಲ್ಲಿ ಒಂದು ಬೂದು ಮಬ್ಬು, ಸುತ್ತ ಕೂದಲು, ಕೂದಲಿಗೆ ಹೊಳಪು. "ಮೊದಲೇ ಹೇಳಿದ್ರೆ ಏನು ಮಜಾ" ಎಂದ. ತನ್ನ ದನಿ ತನಗೇ ಯಾರೋ ಉದಾರ ಗಂಡಸಿನದ್ದೆಂದು ಕೇಳಿಸಿತು.

ಸಮುದ್ರ ಎಂಬ ಮಾತು ಅವರ ಮನೆಯಲ್ಲಿ ಬೇರೆಯದೇ ವಸ್ತುವಿಗೆ ಸೇರಿತ್ತು. ಮದುವೆಯಾದ ವರ್ಷ ಅವಳು ಸಮುದ್ರ ನೋಡಬೇಕು ಎಂದಿದ್ದಳು. ಯಾವುದೋ ಮದುಮಗನ ಕೋಟು ಅವತ್ತು ಸೂಜಿಯಲ್ಲಿತ್ತು. ಇವನು ತಲೆಯೆತ್ತದೆ, ನೀರು ತಾನೇ, ಬಕೆಟ್ಟಿನಲ್ಲಿ ನೋಡು ಎಂದುಬಿಟ್ಟ. ಅವಳು ಅಳಲಿಲ್ಲ. ಮುನಿಸಿಕೊಳ್ಳಲೂ ಇಲ್ಲ. ಮಾರನೆಯ ದಿನ ಬಚ್ಚಲಿನಿಂದ "ರೀ, ಸಮುದ್ರ ತುಂಬಿದೆ, ನಲ್ಲಿ ನಿಲ್ಲಿಸಿ" ಎಂದು ಕೂಗಿದಳು. ಅಂದಿನಿಂದ ಆ ಬಕೆಟ್ಟಿಗೆ, ಅದು ಒಡೆದ ಮೇಲೆ ಬಂದ ಬಕೆಟ್ಟಿಗೆ, ಅದರ ನಂತರದ್ದಕ್ಕೆ, ಎಲ್ಲಕ್ಕೂ ಸಮುದ್ರ ಎಂದೇ ಹೆಸರು. ಮನೆಗೆ ಬಂದ ನೆಂಟರು ನಕ್ಕರು, ಇವನೂ ನಕ್ಕ, ಮೂವತ್ತು ವರ್ಷ ನಕ್ಕ. ಮನೆಯ ತಮಾಷೆಯೊಳಗೆ ಮುಳ್ಳಿದೆ ಎಂದು ಗೊತ್ತಿದ್ದೂ ಎಲ್ಲರ ಜೊತೆ ನಗುವುದಕ್ಕಿಂತ ಸುಲಭವಾದ ಕೆಲಸ ಗಂಡನಾದವನಿಗೆ ಇನ್ನೊಂದಿಲ್ಲ.

ಊರು ಹಿಂದೆ ಮೀನು ಹಿಡಿಯುವವರದ್ದಾಗಿತ್ತೆಂದು ಕಾಣುತ್ತದೆ. ಈಗ ಮೀನು ಹಿಡಿಯುವವರನ್ನು ಬಿಟ್ಟು ಮಿಕ್ಕೆಲ್ಲ ಅಲ್ಲಿತ್ತು. ಹಳೆಯ ದೋಣಿಯೊಂದನ್ನು ಅಡ್ಡಕ್ಕೆ ಕೊಯ್ದು ಅದರೊಳಗೆ ಗಿಡ ನೆಟ್ಟಿದ್ದರು. ಬಲೆಯನ್ನು ಚಾವಣಿಗೆ ತೂಗುಹಾಕಿ ಅದರಲ್ಲಿ ದೀಪ ಸಿಕ್ಕಿಸಿದ್ದರು. ಹೊಸ ಗೋಡೆಗಳಿಗೆ ದುಡ್ಡು ಕೊಟ್ಟು ಬಿರುಕು ಬಿಡಿಸಿದ್ದರು ಎಂದು ಹೆಂಡತಿ ಹತ್ತಿರ ಹೋಗಿ ಬೆರಳಿಟ್ಟು ನೋಡಿ ವರದಿ ಮಾಡಿದಳು. ಅವಳು ಎಲ್ಲವನ್ನೂ ವರದಿ ಮಾಡುತ್ತಿದ್ದಳು. ಅಲ್ಲಿ ನೋಡಿ, ನಾಯಿಗೆ ಕನ್ನಡಕ. ಇಲ್ಲಿ ನೋಡಿ, ಅರ್ಧ ಬಾಗಿಲು. ಹುಷಾರು, ಮೆಟ್ಟಿಲು, ಎಂಥ ಚಂದದ ಮೆಟ್ಟಿಲು ಅಲ್ವಾ. ಇವಳು ಯಾವಾಗಿನಿಂದ ಇಷ್ಟು ಮಾತಾಡುತ್ತಾಳೆ ಎಂದು ಅವನಿಗೆ ಅನ್ನಿಸಿತು, ಸಂತೋಷಕ್ಕೆ ಎಂದುಕೊಂಡ. ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅವಳಿಗೆ ಕಾಲು ನೋಯುತ್ತದೆ ಎಂದು ಒಂದು ಕಾಫಿ ಅಂಗಡಿಯೊಳಗೆ ಕೂತರು. ಕುರ್ಚಿಗಳು ಎಷ್ಟು ತಗ್ಗಾಗಿದ್ದವೆಂದರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಬೂದು ಕಾಗದದ ಮೇಲೆ ಬಿಳಿ ಅಕ್ಷರಗಳ ಪಟ್ಟಿ ಬಂತು. ಅವನು ಅದನ್ನು ಹಿಡಿದು, ಮೇಲಿಂದ ಕೆಳಕ್ಕೆ ಕಣ್ಣಾಡಿಸಿ, ತಲೆದೂಗಿ, ಹಾಳೆ ತಿರುವಿ, ಖಾಲಿ ಹಿಂಬದಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದಿದ.

"ಎರಡು ಕಾಫಿ" ಎಂದ.

"ಯಾವ ಕಾಫಿ ಸರ್? ಹದಿನಾಲ್ಕು ಥರ ಇದೆ" ಎಂದಳು ಪಟ್ಟಿ ತಂದವಳು.

"ಕುಡಿಯೋದು" ಎಂದಳು ಹೆಂಡತಿ.

ಬಂದ ಕಪ್ಪಿಗೆ ಹಿಡಿಯೇ ಇರಲಿಲ್ಲ. ಮೇಜಿನ ನಡುವೆ ಒಂದು ಚಿಕ್ಕ ಬಟ್ಟಲು, ಅದರಲ್ಲಿ ಬೆಳ್ಳಗೆ ಏನೋ, ಪಕ್ಕದಲ್ಲಿ ಚಮಚ. ಅವನು ಎರಡು ಚಮಚ ಹಾಕಿ ಕದಡಿದ. ಕದಡಿದಾಗ ಸಕ್ಕರೆ ಮಾಡದ ಸದ್ದೊಂದು ಬಂತು, ಹಲ್ಲು ಕಡಿದ ಹಾಗೆ. ಪಕ್ಕದ ಮೇಜಿನವರು ತಿರುಗಿದ್ದು ಅವನಿಗೆ ಅಂಚಿನಲ್ಲಿ ಸ್ಪಷ್ಟವಾಗಿ ಕಂಡಿತು. ಕಾಣಬಾರದ್ದನ್ನು ಕಾಣಿಸುವುದರಲ್ಲಿ ಅವನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಚಮಚ ಕೈಯಲ್ಲೇ ನಿಂತಿತು. ಇವಳಿಗೆ ತಿಳಿಯಿತು, ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ಅದೇ ಬಟ್ಟಲಿನಿಂದ ತನ್ನ ಕಪ್ಪಿಗೂ ಒಂದು ಚಮಚ ಸುರಿದುಕೊಂಡು, ಜೋರಾಗಿ ಕದಡಿ, "ನೋಡಮ್ಮ, ನಿಮ್ಮ ಸಕ್ಕರೆ ಕರಗ್ತಾನೇ ಇಲ್ಲ" ಎಂದು ಕೂಗಿದಳು.

"ಅಯ್ಯೋ ಆಂಟಿ, ಅದು ಕಲ್ಲು! ಡೆಕೊರೇಷನ್ನು!"

"ಡೆಕೊರೇಷನ್ನಿಗೆ ಚಮಚ ಯಾಕಮ್ಮ ಇಟ್ಟೆ?"

ಪಕ್ಕದ ಮೇಜಿನವರೂ ನಕ್ಕರು, ಬೇರೆ ಕಾಫಿ ಬಂತು. ಬಿಲ್ಲು ನೋಡಿ ಹೆಂಡತಿ, "ಈ ದುಡ್ಡಿಗೆ ಕುರ್ಚಿನೂ ಮನೆಗೆ ಕಳಿಸ್ತೀರಾ?" ಎಂದು ಕೇಳಿದಳು. ಅವನೂ ನಗುತ್ತಾ ಹೊರಬಂದ. ಹೊರಬಂದ ಮೇಲೆ ನಗು ಎಲ್ಲೋ ಅರ್ಧಕ್ಕೆ ನಿಂತಿತು. ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವಳು ಇವಳು. ಒಂದು ಗುಂಡಿ ಬಣ್ಣ ಬೇರೆಯಿದ್ದರೆ ಬಾಗಿಲಲ್ಲೇ ಗುರುತಿಸುವವಳು, ಕಲ್ಲನ್ನು ಸಕ್ಕರೆ ಎಂದುಕೊಂಡಳೇ?

ಬಟ್ಟೆ ಅಂಗಡಿಯೊಳಗೆ ಅವನನ್ನು ಯಾರೂ ಎಳೆಯಲಿಲ್ಲ, ಕಾಲೇ ಹೋಯಿತು. ಹೆಂಡತಿ ಹೊರಗೆ ನೆರಳಿನಲ್ಲಿ ಕಟ್ಟೆಯ ಮೇಲೆ ಕೂತು ನಾಯಿಯ ಕನ್ನಡಕವನ್ನು ಇನ್ನೊಮ್ಮೆ ನೋಡುತ್ತಿದ್ದಳು. ಒಳಗೆ ತಂಪು, ಅರೆಬೆಳಕು, ಕಣ್ಣಿಗೆ ಹಿತ. ಇಷ್ಟು ದೊಡ್ಡ ಕೋಣೆಯಲ್ಲಿ ಏಳೆಂಟೇ ಬಟ್ಟೆ ತೂಗುಹಾಕಿದ್ದರು, ಪ್ರತಿಯೊಂದೂ ಒಬ್ಬಂಟಿ. ಒಂದು ಕೋಟಿನ ತೋಳು ಹಿಡಿದ. ಹತ್ತಿಯೂ ಅಗಸೆ ನಾರೂ ಬೆರೆತ ಒಳ್ಳೆಯ ನೇಯ್ಗೆ ಎಂದು ಬೆರಳು ಹೇಳಿತು. ಹೆಗಲ ಹತ್ತಿರ ಬೆರಳು ಹೊರಗೆ ಬಂತು. "ಅಯ್ಯೋ, ಹರಿದಿದೆಯಮ್ಮ ಇದು" ಎಂದ ಅವನು, ನಿಜವಾದ ಮರುಕದಿಂದ. "ಅರ್ಧ ಗಂಟೆ ಕೊಟ್ರೆ ನಾನೇ ಸರಿಮಾಡಿ ಕೊಡ್ತೀನಿ." ಅಂಗಡಿಯ ಹುಡುಗಿ ಓಡಿ ಬಂದಳು. "ಅಂಕಲ್, ಮುಟ್ಟಬೇಡಿ ಪ್ಲೀಸ್. ಅದು ಹಾಗೇ ಬರೋದು. ಕೈಯಲ್ಲೇ ಹರಿದಿರೋದು." ಹರಿಯಲಿಕ್ಕೂ ಕಸುಬುದಾರರಿದ್ದಾರೆ ಎಂಬ ಸಂಗತಿ ತಲೆಗೆ ಇಳಿಯಲು ಸ್ವಲ್ಪ ಹೊತ್ತಾಯಿತು. ಕಿವಿ ಬಿಸಿಯಾಯಿತು. ಕೈ ಹಿಂದಕ್ಕೆ ತೆಗೆಯಬೇಕಿತ್ತು, ಆದರೆ ಬೆರಳುಗಳು ಯಾರ ಮಾತೂ ಕೇಳದೆ ತೋಳಿನೊಳಕ್ಕೆ ಜಾರಿ, ಕಂಕುಳ ಕೆಳಗೆ ಒಂದು ಕಡೆ ನಿಂತವು. "ಇದೂ ಹಾಗೇ ಬಂದದ್ದಾ?" ಎಂದು ಕೇಳಿದ. "ಇಲ್ಲಿ ಏನಿದೆ, ಏನೂ ಇಲ್ವಲ್ಲ" ಎಂದಳು ಅವಳು, ಒಳಮಗ್ಗುಲು ತಿರುವಿ. "ಅಂಟು ಹಾಕಿ ಒತ್ತಿದ್ದಾರೆ. ಇದು ಮೊಳೆಗೆ ಸಿಕ್ಕಿ ಹರಿದಿದ್ದು. ಎರಡು ಸಲ ಒಗೆದ್ರೆ ಬಾಯಿ ಬಿಡುತ್ತೆ." ಹುಡುಗಿ ಕಿಟಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದಳು. ಆ ಕೋಟನ್ನು ಒಳಗೆ ತೆಗೆದುಕೊಂಡು ಹೋದಳು.

ಅವನು ಅಲ್ಲೇ ನಿಂತ, ಗೆದ್ದವನ ಹಾಗೆ ಕೈ ಕಟ್ಟಿಕೊಂಡು. ಬಲಗೈ ತಾನಾಗಿ ಎಡ ಮೊಣಕೈಯ ಮೇಲೆ ಕೂತಿತು. ಅವನು ತೊಟ್ಟಿದ್ದ ಕೋಟಿನ ಆ ಮೊಣಕೈ ಹೋದ ಚಳಿಗಾಲದಲ್ಲಿ ಸವೆದು ಹರಿದಿತ್ತು, ಅವನೇ ಎರಡು ಸಂಜೆ ಕೂತು ಮುಚ್ಚಿದ್ದ, ಎಲ್ಲ ಕೆಲಸದಂತೆ ಅದನ್ನೂ ಇಸ್ತ್ರಿಗೆಂದು ಹೆಂಡತಿಗೆ ಕೊಟ್ಟಿದ್ದ. ಬೆರಳು ಸುಮ್ಮನೆ ಅದರ ಮೇಲೆ ಓಡಾಡಿತು. ಓಡಾಡಿ ನಿಂತಿತು. ಮತ್ತೆ ಹಿಂದಕ್ಕೆ ಬಂದು ನಿಧಾನವಾಗಿ ಓದಿತು. ನೇಯ್ಗೆ ಎಡಕ್ಕೆ ವಾಲಿತ್ತು. ಪ್ರತಿ ಕೈಗೂ ಒಂದು ವಾಲು ಇರುತ್ತದೆ. ಅವನದು ಬಲಕ್ಕೆ, ಸಾಯುವ ತನಕ ಬಲಕ್ಕೆ. ಎಡಕ್ಕೆ ವಾಲುವ ಕೈ ಅವನ ಪರಿಚಯದಲ್ಲಿ ಒಂದೇ ಒಂದು. ಅಂಗಡಿ ಇಟ್ಟ ಹೊಸದರಲ್ಲಿ ಅವಳು ಕಲಿಸಿ ಎಂದು ಹಟ ಹಿಡಿದಿದ್ದಳು, ಒಂದು ತಿಂಗಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಇವನ ಜೊತೆ ಕೂತಿದ್ದಳು. ಚುರುಕಾಗಿಯೇ ಕಲಿತಳು, ಬಹುಶಃ ತೀರ ಚುರುಕಾಗಿ. "ನಿನ್ನದು ಎಡಗೈ. ಎಡಗೈ ರಫೂ ಎಡಕ್ಕೆ ವಾಲುತ್ತೆ, ಗಿರಾಕಿ ಕಂಡುಹಿಡೀತಾನೆ" ಎಂದು ಇವನು ತೀರ್ಪು ಕೊಟ್ಟ. ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಕೌಂಟರಿಗೆ ಹೋಗಿ ಕೂತಳು. ಕಿಟಕಿ ಪಕ್ಕದ ಸ್ಟೂಲು ಒಂದೇ ಆಯಿತು. ಅದೂ ಮನೆಯಲ್ಲಿ ತಮಾಷೆಯಾಗಿತ್ತೇ? ಇಲ್ಲ, ಅದನ್ನು ಅವಳು ತಮಾಷೆಯೂ ಮಾಡಿರಲಿಲ್ಲ.

ಅವನು ಹೊರಗೆ ಬಂದಾಗ ಅವಳು ಎದ್ದು, "ಏನು ತಗೊಂಡ್ರಿ, ಇಡೀ ಅಂಗಡೀನಾ?" ಎಂದಳು. ಮರಳಿಗೆ ಇಳಿದರು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೇರ ನೀರಿನವರೆಗೆ ಹೋಗಿ, ಪಾದ ನೆನೆಯುವಷ್ಟರಲ್ಲಿ ನಿಂತು, ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ನೋಡಿದಳು. ತುಂಬ ಹೊತ್ತು ನೋಡಿದಳು. ಅವನಿಗೂ ಸಮುದ್ರ ಕಂಡಿತು. ಅದಕ್ಕೆ ನಡು ಎಂಬುದೇ ಇರಲಿಲ್ಲವಾಗಿ, ಬೆಳಿಗ್ಗೆಯಿಂದ ಅವನು ನೋಡಿದ್ದರಲ್ಲಿ ಪೂರ್ತಿಯಾಗಿ ಕಂಡದ್ದು ಅದೊಂದೇ.

"ನಮ್ಮ ಮನೇದಕ್ಕಿಂತ ಸ್ವಲ್ಪ ದೊಡ್ಡದೇ ಇದೆ" ಎಂದಳು ಅವಳು, ಬಂದು ಪಕ್ಕದಲ್ಲಿ ಕೂತು. "ಬೂಟು ಬಿಚ್ಚಿ, ಮರಳು ಬಿಸಿಬಿಸಿಯಾಗಿ ಚೆನ್ನಾಗಿದೆ."

"ಇರಲಿ."

"ಬಿಚ್ಚಿ ಅಂದ್ರೆ. ನಿಮ್ಮ ಕಾಲೇನು ಯಾರೂ ಕದ್ದುಕೊಂಡು ಹೋಗಲ್ಲ."

ಅವನು ಬೂಟು ಬಿಚ್ಚಲಿಲ್ಲ. "ಈ ಮೊಣಕೈ" ಎಂದ.

"ಯಾವ ಮೊಣಕೈ?"

"ನನ್ನದೇ. ಇದು ನನ್ನ ಕೈಯಲ್ಲ."

"ಮತ್ತೆ ಯಾರದ್ದು ಜೋಡಿಸಿಕೊಂಡು ಬಂದಿದ್ದೀರಿ?"

"ಎಡಕ್ಕೆ ವಾಲಿದೆ."

ಒಂದು ಅಲೆ ಬಂದು, ಮುರಿದು, ಹಿಂದಕ್ಕೆ ಹೋಯಿತು. ಅವಳು ಚಪ್ಪಲಿಗೆ ಮೆತ್ತಿದ ಮರಳನ್ನು ಕೊಡವುತ್ತಾ ಕೂತಳು, ಇಲ್ಲದ ಮರಳನ್ನೂ ಕೊಡವಿದಳು.

"ಎಷ್ಟು ದಿನದಿಂದ?" ಎಂದ.

"ಆ ಬ್ಯಾಂಕಿನವರದು ಬೂದು ಕೋಟು ಬಂದಿತ್ತಲ್ಲ, ಹೋದ ವರ್ಷ. ಅವತ್ತಿಂದ. ಇಸ್ತ್ರಿಗೆ ಮುಂಚೆ ನಿಮ್ಮದನ್ನ ಬಿಚ್ಚಿ ಹಾಕಿ ನಾನೇ ನೇಯ್ತಿದ್ದೆ."

"ಎಲ್ಲಾನೂ?"

"ಎಲ್ಲಾ ಅಲ್ಲ. ದೊಡ್ಡ ದೊಡ್ಡ ಚೆಕ್ಸ್ ಇದ್ದಿದ್ದು ನೀವೇ ಚೆನ್ನಾಗಿ ಮಾಡಿದ್ರಿ."

ಬ್ಯಾಂಕಿನವನು ಅವತ್ತು ಕೋಟನ್ನು ಬಾಗಿಲಿನ ಬೆಳಕಿಗೆ ಒಯ್ದು, ಸೋತು ಬಂದು, ನಿಮ್ಮ ಕೈಗೆ ಸಾಟಿಯಿಲ್ಲ ಎಂದಿದ್ದ. ಇವನು ಆ ಹೊಗಳಿಕೆಯನ್ನು ಚಿಲ್ಲರೆಯ ಹಾಗೆ ನೋಡದೆ ಜೇಬಿಗೆ ಇಳಿಸಿಕೊಂಡಿದ್ದ. ಕೌಂಟರಿನ ಹಿಂದೆ ಅವಳು ರಶೀದಿ ಹರಿಯುತ್ತಿದ್ದಳು. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲದ್ದರಿಂದ ಹತ್ತಿರ ಇದ್ದವಳ ಮೇಲೆಯೇ ಬಂತು. "ನೀನು ಹೇಳಬಹುದಿತ್ತು" ಎಂದ.

"ನೀವು ಹೇಳಬಹುದಿತ್ತು" ಎಂದಳು ಅವಳು. ಆಮೇಲೆ, ದನಿ ತಗ್ಗಿಸಿ, ಮೂವತ್ತು ವರ್ಷದಿಂದ ಕೇಳಬೇಕೆಂದಿದ್ದುದನ್ನು ಕೇಳುವವಳ ಹಾಗೆ: "ಯಾರಾದ್ರೂ ಕಂಡುಹಿಡಿದ್ರಾ?"

ಯಾರೂ ಕಂಡುಹಿಡಿದಿರಲಿಲ್ಲ. ಇನ್ನು ಮುಚ್ಚಿಡಲು ಉಳಿದದ್ದು ಕಡಿಮೆ, ಅದನ್ನೂ ಹೇಳಿಬಿಟ್ಟ. ನಡು ಸವೆದದ್ದು, ಅಂಚು ಉಳಿದದ್ದು, ಸೂಜಿ ಹಿಡಿಯುವ ಕೆಲಸ ಇಲ್ಲ ಎಂದು ಡಾಕ್ಟರಿಗೆ ಹೇಳಿದ್ದು, ನೀಲಿ ಬಸ್ಸು. "ಕರ್ಕೊಂಡು ಬಂದಿದ್ದಲ್ಲ ನಾನು. ತಪ್ಪಿ ಬಂದಿದ್ದು."

"ಹಸಿರು ಬಸ್ಸು" ಎಂದಳು ಅವಳು.

"ಏನು?"

"ನೀವು ತೋರಿಸಿದ್ದು ಹಸಿರು ಬಸ್ಸು. ನಮ್ಮದು ಅದರ ಹಿಂದೆ ನಿಂತಿತ್ತು. ಬೋರ್ಡೂ ಓದಿದೆ, ಕಂಡಕ್ಟರನ್ನೂ ಕೇಳಿದೆ."

"ಓದಿಯೂ ಹತ್ತಿದೆಯಾ? ಒಂದು ಮಾತು ಹೇಳಲಿಲ್ಲ?"

"ಹೇಳಿದ್ರೆ ಇಳೀತಿದ್ರಿ."

ಅವನು ಅವಳ ಕಡೆ ತಿರುಗಿದ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಬೇಕಿತ್ತು, ನೇರ ನೋಡಿದಷ್ಟೂ ಅದು ಕರಗಿಹೋಗುತ್ತಿತ್ತು.

"ನನ್ನ ಮುಖ ಕಾಣುತ್ತಾ?" ಎಂದು ಕೇಳಿದಳು.

"ಕಿವಿ ನೋಡಿದ್ರೆ ಮುಖ ಕಾಣುತ್ತೆ."

"ಹಾಗಾದ್ರೆ ಕಿವಿ ನೋಡಿ. ಇಷ್ಟು ವರ್ಷದಲ್ಲಿ ಯಾರೂ ನನ್ನ ಕಿವಿ ನೋಡಿಲ್ಲ."

ಅವನು ಕಿವಿ ನೋಡಿದ. ಚಿಕ್ಕ ಕಿವಿ, ಹಾಲೆಯ ಮೇಲೊಂದು ಮಚ್ಚೆ. ಈ ಮಚ್ಚೆ ಮೊದಲೂ ಇತ್ತೇ ಎಂದು ಕೇಳುವ ಧೈರ್ಯವಾಗಲಿಲ್ಲ. ಕಿವಿಯ ಪಕ್ಕದಲ್ಲಿ, ಅಂಚಿನಲ್ಲಿ, ಅವಳ ಮುಖ ಬಂತು. ನಗುತ್ತಿದ್ದಳು. ಕಣ್ಣು ಮಾತ್ರ ಒದ್ದೆ.

ಆಮೇಲೆ ಅವನು ಬೂಟು ಬಿಚ್ಚಿದ. ಎಡಗಾಲಿನ ಕಾಲುಚೀಲವನ್ನು ಎಳೆದು ತೆಗೆದು ಅವಳ ತೊಡೆಯ ಮೇಲಿಟ್ಟು, "ಇದನ್ನ ಯಾಕೆ ಬಿಚ್ಚಿ ಹಾಕಲಿಲ್ಲ?" ಎಂದ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಕಾಲುಚೀಲಕ್ಕೆಲ್ಲ ಯಾರು ಇಸ್ತ್ರಿ ಮಾಡ್ತಾರೆ?" ಎಂದಳು.

ಬಿಸಿಲು ಇಳಿಯುವವರೆಗೆ ಅಲ್ಲೇ ಇದ್ದರು. ಬಿಸಿಲು ತಗ್ಗಿದಂತೆ ಔಷಧಿಯ ಬಿಗಿಯೂ ಸಡಿಲಿತು, ಆದರೆ ನಡುವಿನ ಮಬ್ಬು ಹೋಗಲಿಲ್ಲ. ಅದು ಔಷಧಿಯದ್ದಾಗಿರಲಿಲ್ಲ. ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು, ಅವನಿಗೆ ಎರಡೂ ನೀಲಿ. ಅವಳು ಎರಡರ ಬೋರ್ಡನ್ನೂ ಗಟ್ಟಿಯಾಗಿ ಓದಿ, ಎರಡನೆಯದರ ಬಾಗಿಲಿನತ್ತ ಅವನ ಬೆನ್ನಿನ ಮೇಲೆ ಕೈಯಿಟ್ಟು, "ಅದೇ, ಹತ್ತಿ" ಎಂದಳು. ದಾರಿಯುದ್ದಕ್ಕೂ ಅವನು ಎಡಗಾಲಿಗೆ ಬರೀ ಬೂಟು ಹಾಕಿಕೊಂಡು ಕೂತಿದ್ದ. ಒಳಗೆ ಮರಳು ಕಿರಿಕಿರಿ ಮಾಡುತ್ತಿತ್ತು. ಜೇಬಿನಿಂದ ಸೂಜಿಯ ಡಬ್ಬಿ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡು, ಅವಳ ಚೀಲದೊಳಕ್ಕೆ ಹಾಕಿದ. ಅವಳು ನೋಡಿದಳು, ನೋಡದವಳ ಹಾಗೆ ಕಿಟಕಿಯತ್ತ ತಿರುಗಿದಳು.

ಮರುದಿನ ಬೆಳಿಗ್ಗೆ ಅಂಗಡಿ ಎಂದಿನ ಹೊತ್ತಿಗೆ ತೆರೆಯಿತು. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಅವಳು ಕೂತಳು. ಅವನು ಕೌಂಟರಿನಲ್ಲಿ ಕೂತ.